ಎಮ್ಮೆಮಡುವಿನ ನೀರು

ಬೆಳಗಾವಿ ಶಹರ ಮತ್ತು ಖಾನಾಪುರ ತಾಲೂಕಿನ ಮುಂದಿನ ಮೂವತ್ತು ವರ್ಷಗಳ ನೀರಿನ ಇತಿಹಾಸವನ್ನು ಯಾರೇ ಬರೆಯಲಿ, ಅರ್ಧ ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿಯಿಂದ ಆರಂಭಿಸಬೇಕು. ಆ ಬಾಟಲಿ ಕಾನಹಟ್ಟಿ ಪಂಚಾಯತಿಯ ಅಧ್ಯಕ್ಷೆ ಭೀಮಕ್ಕನ ಮುಂದೆ ಇರಬೇಕಾಗಿತ್ತು, ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಬೆಳಗಾವಿಯಲ್ಲಿ ಜಂಟಿ ಸಭೆ ಸೇರಿತ್ತು. ಶಹರದವರು, ಉದ್ಯಮಬಾಗದ ಕಾರ್ಖಾನೆಯವರು, ಸಾಂಬ್ರಾ ಕಡೆಯ ಪಂಚಾಯತಿಯವರು, ಎಲ್ಲರೂ ಒಂದೇ ಹೊಳೆಯನ್ನು ಹಂಚಿಕೊಳ್ಳಲು ಮೇಜಿನ ಸುತ್ತ ಕೂತಿದ್ದರು. ಎಲ್ಲರ ಮುಂದೆಯೂ ಬಾಟಲಿ. ಹೊಳೆ ಯಾರ ಊರಿನದೋ ಆ ಭೀಮಕ್ಕನಿಗೆ ಗೋಡೆ ಬದಿಯ ಕುರ್ಚಿ. ಅಲ್ಲಿಯವರೆಗೆ ಬಾಟಲಿ ಬರಲಿಲ್ಲ. ಕಾನಹಟ್ಟಿಯ ಗೋಮಾಳದಲ್ಲಿ ಜಾಕ್‌ವೆಲ್ ಎಂಬ ದೊಡ್ಡ ಬಾವಿ ತೋಡಿ, ನೀರೆತ್ತಿ ಶಹರಕ್ಕೆ ಒಯ್ಯುವುದೆಂದು ಎಂಜಿನಿಯರ್ ಮಾರ್ತಾಂಡರಾಯರು ಪರದೆಯ ಮೇಲೆ ನೀಲಿ ಗೆರೆ ತೋರಿಸಿದಾಗ ಅವಳು ಎದ್ದು ನಿಂತಳು.

“ನಮ್ಮೂರಿಗೂ ನಳಾ ಕೊಡ್ತೀರೇನ್ರಿ ಸಾಹೇಬ್ರ?”

“ನಿಮಗ ಮನಿ ಮುಂದ ಹೊಳಿನೇ ಐತೆಲ್ರಿ ಬಾಯಿ. ನಳಾ ತಗೊಂಡ ಏನ್ಮಾಡ್ತೀರಿ?”

ಸಭೆ ನಕ್ಕಿತು. ಮನೆ ಮುಂದಿನ ಆ ಹೊಳೆಗೆ ಕಾನಹಟ್ಟಿಯ ಹೆಂಗಸರು ದಿಬ್ಬ ಇಳಿದು, ಬೇಸಿಗೆಯಲ್ಲಿ ಉಸುಕು ಕೆದರಿ ವರತೆ ತೋಡಿ, ತಿಳಿನೀರು ಊರುವ ತನಕ ಕಾದು, ಕೊಡ ಹೊತ್ತು ಏರಬೇಕೆಂಬುದು ನೀಲಿ ಗೆರೆಯಲ್ಲಿ ಕಾಣುತ್ತಿರಲಿಲ್ಲ. ಭೀಮಕ್ಕ ಬಸ್‌ಸ್ಟ್ಯಾಂಡಿಗೆ ಬಂದಳು. ಅಲ್ಲಿ ನಳವಿತ್ತು. ಸಿಟ್ಟು ಆರಿಬಿಟ್ಟೀತೆಂದು ಕುಡಿಯಲಿಲ್ಲ.

ಕಾನಹಟ್ಟಿಯಲ್ಲಿ ಒಂದು ರೂಢಿಯಿದೆ. ಹೊರಗಿನವರು ವ್ಯವಹಾರಕ್ಕೆ ಬಂದರೆ ಮೊದಲು ಬೆಲ್ಲ, ನೀರು. ಕುಡಿದ ಮೇಲೆಯೇ ಮಾತು. ಕುಡಿಯದೆ ತಂಬಿಗೆ ಕೆಳಗಿಟ್ಟರೆ, ಹೆಣ್ಣು ನೋಡಲು ಬಂದವರಾಗಲಿ ಕುರಿ ಕೊಳ್ಳಲು ಬಂದವರಾಗಲಿ, ಎದ್ದು ಹೋಗಬೇಕು. ಗೋಮಾಳ ಬಿಟ್ಟುಕೊಡಲು ಗ್ರಾಮಸಭೆಯ ಒಪ್ಪಿಗೆ ಬೇಕಾಗಿತ್ತು. ಒಪ್ಪಿಗೆಗೆ ಮಾರ್ತಾಂಡರಾಯರೇ ಬರಬೇಕಾಗಿತ್ತು. ಅವರು ಜನವರಿ ಎಂದರು, ಭೀಮಕ್ಕ ಏಪ್ರಿಲ್ ಎಂದಳು. ಚಳಿಗಾಲದಲ್ಲಿ ಹೊಳೆ ತಿಳಿಯಾಗಿರುತ್ತದೆ, ಸೇಡಿಗೆ ಉಪಯೋಗವಿಲ್ಲ.

ಗ್ರಾಮಸಭೆಯ ದಿನ ನಾದಿನಿ ಮಾಯವ್ವ ವರತೆಯ ನೀರು ಹೊತ್ತು ತಂದಿದ್ದಳು. ಭೀಮಕ್ಕ ಅದನ್ನು ಮುಟ್ಟಲಿಲ್ಲ. ಖಾಲಿ ತಂಬಿಗೆ ಹಿಡಿದು, ಎಮ್ಮೆಗಳು ಬಿದ್ದುಕೊಳ್ಳುವ ಮಡುವಿಗೆ ತಾನೇ ಇಳಿದು ತುಂಬಿಸಿ ತಂದಳು.

“ಯವ್ವಾ, ಇದನ್ನ ಕುಡಸ್ತಿಯೇನ ವೈನಿ? ಎಮ್ಮಿನೂ ವಾಸನಿ ನೋಡಿ ಕುಡಿತೈತಿ.”

“ಎಮ್ಮಿ ಎಂಜಿನಿಯರ್ ಅಲ್ಲಲ್ಲ.”

ಸಾಲೆಯ ಅಂಗಳದಲ್ಲಿ ಊರು ಸೇರಿತ್ತು. ಜೀಪಿನಿಂದ ಇಳಿದ ರಾಯರ ಕೈಯಲ್ಲಿ ಬಾಟಲಿ ಇರಲಿಲ್ಲ. ಜೊತೆಗೆ ಬಂದ ಕಿರಿಯ ಎಂಜಿನಿಯರ್ ಮುಗ್ಧಾ ಖಾನಾಪುರದವಳು. ಊರಿನ ರೂಢಿ ತಿಳಿಸಿ ಬಾಟಲಿಯನ್ನು ಜೀಪಿನಲ್ಲೇ ಬಿಡಿಸಿದ್ದಳು; ನಕಾಶೆಯಲ್ಲಿ ಒಂದು ಬದಲಾವಣೆಯನ್ನೂ ಮಾಡಿಸಿದ್ದಳು.

“ಬಾಯಿ, ಅವತ್ತ ನಾ ಹಂಗ ಅಂದದ್ದ ತಪ್ಪಾತ್ರಿ,” ಎಂದರು ರಾಯರು, ನಕಾಶೆ ಬಿಚ್ಚಿ ಬೆರಳಿಡುತ್ತ. “ಇಲ್ಲಿ ನೋಡ್ರಿ. ಮೊದಲನೇ ನಳಾ ಕಾನಹಟ್ಟಿಗೇ. ಆಮ್ಯಾಲ ಬೆಳಗಾವಿಗೆ.”

ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಭೀಮಕ್ಕನಿಗೆ ಮಾತ್ರ ಇದು ದೊಡ್ಡ ಅನ್ಯಾಯವೆನಿಸಿತು. ದೀಪಾವಳಿಯಿಂದ ಜೋಪಾನ ಮಾಡಿ ಸಾಕಿದ ಸಿಟ್ಟನ್ನು ಈ ಮನುಷ್ಯ ಒಂದೇ ಮಾತಿನಲ್ಲಿ ಕಸಿದುಕೊಳ್ಳಲು ಬಂದಿದ್ದ.

“ಮೊದಲ ನೀರ ಕುಡೀರಿ,” ಎಂದು ತಂಬಿಗೆ ಮುಂದಿಟ್ಟಳು.

ರಾಯರು ಬೆಲ್ಲ ಬಾಯಿಗೆ ಹಾಕಿಕೊಂಡು ತಂಬಿಗೆ ಎತ್ತಿದರು. ತುಟಿಯ ಹತ್ತಿರ ತಂದವರು ಅಲ್ಲೇ ನಿಂತು ಒಳಗೆ ಇಣುಕಿದರು.

“ಹೊಳಿ ನೀರ್ರಿ, ಮನಿ ಮುಂದಿಂದು,” ಎಂದಳು ಭೀಮಕ್ಕ. “ಬೆಳಗಾವಿ ಮಂದಿಗೆ ನಡೀತೈತಿ, ನಿಮಗ ನಡಿಯೂದಿಲ್ಲೇನ್ರಿ?”

ಮಾಯವ್ವ ಅವಳ ಕಿವಿಗೆ ಬಗ್ಗಿದಳು. “ವೈನಿ, ವರ್ತಿ ನೀರ ಮನ್ಯಾಗ ಐತಿ. ಬದಲ ಮಾಡಿ ತರ್ತೀನಿ, ತಡಿ.”

“ಕುಂದರ.”

“ನಳಾ ಬರ್ತೈತಿ ವೈನಿ, ಖರೇನ ಬರ್ತೈತಿ!”

“ಕುಂದರ ಅಂದ್ನಿ.”

ರಾಯರು ಮುಗ್ಧಾಳ ಕಡೆ ನೋಡಿದರು. ಅವಳು ನೆಲ ನೋಡಿದಳು. ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಪ್ರಯತ್ನಿಸಿದರೆಂಬುದನ್ನು ಒಪ್ಪಿಕೊಳ್ಳಬೇಕು. ಮೂಗು ಒಪ್ಪಲಿಲ್ಲ. ತಂಬಿಗೆ ಕೆಳಗಿಟ್ಟರು.

ಊರ ಹಿರಿಯ ತಮ್ಮಣ್ಣ ಹೆಗಲ ಟವೆಲ್ ಕೊಡವಿ ಎದ್ದ. “ಆತ್ರಿ ಸಾಹೇಬ್ರ. ಮಾತ ಮುಗೀತು.” ಅವನ ಹಿಂದೆ ಊರು ಎದ್ದಿತು, ಹೆಂಗಸರು ಎಲ್ಲರಿಗಿಂತ ಕಡೆಗೆ.

ಜೀಪಿನ ಧೂಳು ಅಡಗುವ ತನಕ ಭೀಮಕ್ಕ ನಿಂತು ನೋಡಿದಳು. ಆಮೇಲೆ ಮನೆಗೆ ಹೋಗಿ ವರತೆಯ ನೀರನ್ನು ಹೊಟ್ಟೆ ತುಂಬ ಕುಡಿದಳು. ಅಷ್ಟು ರುಚಿಯ ನೀರನ್ನು ಅವಳು ಹಿಂದೆಂದೂ ಕುಡಿದಿರಲಿಲ್ಲ.

ಜಾಕ್‌ವೆಲ್ ಹೊಳೆಯ ಮೇಲುಗಡೆಯ ಮಾಳವಾಡಿಗೆ ಹೋಯಿತು. ಮೊದಲನೇ ನಳವೂ ಅಲ್ಲಿಗೇ ಹೋಯಿತು. ಕಾನಹಟ್ಟಿಯಲ್ಲಿ ಈಗ ವರತೆಯನ್ನು ಇನ್ನಷ್ಟು ಆಳ ತೋಡಬೇಕಾಗುತ್ತದೆ.