ತಾಯಿ ಕಡೆಯ ಕಿವಿ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಗುವವರು ಒಮ್ಮೆ ನಮ್ಮ ಕೋಣೆಗೆ ಬರಬೇಕು. ನನ್ನ ಹೊಟ್ಟೆಪಾಡೇ ಅದು. ಸರ್ಕಾರಿ ಹೆರಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ವಿಭಾಗವಿದೆ. ಇನ್ನೂ ಹುಟ್ಟದ ಮಕ್ಕಳಿಗಾಗಿ ಅಲ್ಲಿ ದಿನವಿಡೀ ಕುಲಾವಿ, ಅಂಗಿ, ಸುತ್ತುವ ಬಟ್ಟೆ ಹೊಲಿಯುತ್ತೇನೆ. ಹೊಲಿಗೆ ಯಂತ್ರಗಳ ಗಲಾಟೆಗೆ ಜೊತೆಯವರಿಬ್ಬರೂ ಸಂಜೆಯ ಹೊತ್ತಿಗೆ ತಲೆ ಹಿಡಿದುಕೊಂಡು ಕೂರುತ್ತಾರೆ. ನನಗೆ ಆ ತೊಂದರೆಯಿಲ್ಲ. ಏಳನೇ ವಯಸ್ಸಿನಲ್ಲಿ ಜ್ವರ ಬಂತು, ಹೋಗುವಾಗ ನನ್ನ ಎರಡೂ ಕಿವಿಗಳನ್ನು ಜೊತೆಗೆ ಕರೆದುಕೊಂಡು ಹೋಯಿತು.

ಮಾತು ಉಳಿಯಿತು. ನನ್ನ ದನಿ ಹೇಗಿದೆಯೋ ನನಗೆ ತಿಳಿಯದು. ಕೇಳಿದವರ ಮುಖ ನೋಡಿದರೆ ಕೋಗಿಲೆಯದಂತೂ ಅಲ್ಲ. ಬೇರೆಯವರ ಮಾತನ್ನು ತುಟಿ ನೋಡಿ ಹಿಡಿಯುತ್ತೇನೆ. ಗೋಡೆಗೂ ಕಿವಿ ಇರುತ್ತದೆ ಎಂದು ಯಾರಾದರೂ ಪಿಸುಗುಟ್ಟಿದರೆ, ಹಾಗಾದರೆ ಅದರಲ್ಲಿ ಒಂದು ಜೊತೆ ನನಗೂ ಕೊಡಿಸಿ ಎನ್ನುತ್ತೇನೆ. ನಗುತ್ತಾರೆ, ನಾನೂ ನಗುತ್ತೇನೆ. ನಗು ಬಾರದಿದ್ದದ್ದು ಮನೆಯವರು ಕೊಟ್ಟ ಕಾರಣಗಳಿಗೆ. ಹುಡುಗಿ ಹಠಮಾರಿ, ಹೇಳಿದ ಮಾತು ಕೇಳುತ್ತಿರಲಿಲ್ಲ, ಅದಕ್ಕೇ ಹೀಗಾಯಿತು ಎಂದು ಅಜ್ಜಿ. ತಾಯಿಯಾದವಳು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಅಪ್ಪನ ಕಡೆಯವರು. ಅಮ್ಮ ಆ ಮಾತನ್ನು ಸಾಯುವವರೆಗೂ ಹೊತ್ತುಕೊಂಡಳು. ನಮ್ಮ ಸೋದರಮಾವನಿಗೂ ಕೇಳಿಸದು, ಅಮ್ಮನ ಕಡೆಯ ಅಜ್ಜಿಯ ತಂಗಿಗೂ ಕೇಳಿಸುತ್ತಿರಲಿಲ್ಲ. ಅವರಿಗೂ ಒಂದೊಂದು ಕಥೆ ಕಟ್ಟಿಟ್ಟಿದ್ದರು.

ಕೊನೆಯ ಕಥೆ ಕಟ್ಟಿದವಳು ನನ್ನ ಅಕ್ಕ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಅಕ್ಕ ಮಗಳ ಮದುವೆಯನ್ನು ಒಂದೇ ಸುಳ್ಳಿನಲ್ಲಿ ಮುಗಿಸಿದಳು. ಹೆಣ್ಣು ನೋಡಲು ಬಂದ ಬೀಗಿತ್ತಿ ನನ್ನತ್ತ ಅನುಮಾನದಿಂದ ನೋಡಿದಾಗ, “ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದುಬಿಟ್ಲು” ಎಂದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ನಾವು ಬೆಳೆದ ಮನೆಗೆ ಮೆಟ್ಟಿಲೇ ಇರಲಿಲ್ಲ.

ಅಕ್ಕನ ಮಗಳು ಬಸುರಿಯಾದ ವರ್ಷವೇ ಜೀನ್ ಮೇಡಂ ನಮ್ಮ ನೆಲಮಾಳಿಗೆಗೆ ಬಂದರು. ಆ ಹೆಸರು ಇಟ್ಟವರು ನಾವೇ. ಮೇಲಿನ ಮಹಡಿಯಲ್ಲಿ ಹೊಸ ಲ್ಯಾಬ್ ತೆರೆದಿದ್ದೇವೆ, ಜೀನ್ ಪರೀಕ್ಷೆ ಮಾಡುತ್ತೇವೆ ಎಂದು ಆಕೆ ಹೇಳಿದ್ದಕ್ಕೆ ಪಕ್ಕದವಳು, “ಪ್ಯಾಂಟ್ ಎಲ್ಲ ಇಲ್ಲಿ ಹೊಲಿಯಲ್ಲಮ್ಮ” ಎಂದುಬಿಟ್ಟಳು. ಆಕೆ ನಕ್ಕು, ಸ್ಟೂಲ್ ಎಳೆದುಕೊಂಡು, ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ನನ್ನೆದುರು ಕೂತರು. ಕಿವಿ ಕೇಳದವರ ಜೊತೆ ಮಾತಾಡುವಾಗ ಅಷ್ಟು ಮಾಡಬೇಕೆಂದು ಯಾವ ಡಾಕ್ಟರಿಗೂ ಹೊಳೆದಿರಲಿಲ್ಲ. ಅಲ್ಲಿಯೇ ನನಗೆ ಹಿಡಿಸಿದರು.

“ಅಕ್ಕಾ, ಆ ಜ್ವರಕ್ಕೆ ಇಂಜೆಕ್ಷನ್ ಕೊಟ್ಟಿದ್ರಾ?”

“ಕೊಡದೆ ಇರ್ತಾರಾ? ಕೂರೋಕೂ ಆಗ್ತಿರಲಿಲ್ಲ.”

ಹತ್ತಿ ಕಡ್ಡಿಯಿಂದ ನನ್ನ ಕೆನ್ನೆಯ ಒಳಗಡೆ ಒರೆಸಿಕೊಂಡು ಹೋದರು. ಮತ್ತೆ ಬಂದಾಗ ಅದೇ ಸ್ಟೂಲಿನ ಮೇಲೆ ಕೂತು ನಿಧಾನವಾಗಿ ಹೇಳಿದರು. “ನಿಮ್ಮ ಕಿವಿ ತೆಗೆದಿದ್ದು ಜ್ವರ ಅಲ್ಲ, ಆ ಇಂಜೆಕ್ಷನ್. ಔಷಧ ಒಳ್ಳೇದೇ, ಎಷ್ಟೋ ಮಕ್ಕಳ ಜೀವ ಉಳಿಸಿದೆ. ಆದ್ರೆ ಕೆಲವರ ಜೀನಲ್ಲಿ ಹುಟ್ಟಿನಿಂದಲೇ ಒಂದು ಸಣ್ಣ ವ್ಯತ್ಯಾಸ ಇರುತ್ತೆ. ಅಂಥವರಿಗೆ ಕೊಟ್ರೆ ಕಿವಿ ಹೋಗಬಹುದು, ಮತ್ತೆ ಬರಲ್ಲ. ನಿಮಗೆ ಆ ವ್ಯತ್ಯಾಸ ಇದೆ. ಅದು ತಾಯಿಯಿಂದ ಮಾತ್ರ ಬರುತ್ತೆ, ಅಪ್ಪನಿಂದ ಬರೋದೇ ಇಲ್ಲ.”

“ನಮ್ಮಕ್ಕನಿಗೆ ಚೆನ್ನಾಗೇ ಕೇಳಿಸುತ್ತಲ್ಲ? ಅವಳ ಮಗಳಿಗೂ ಕೇಳಿಸುತ್ತೆ, ಈಗ ಬಸುರಿ.”

“ಅವರಿಗೆ ಆ ಇಂಜೆಕ್ಷನ್ ಬಿದ್ದಿಲ್ಲ, ಅಷ್ಟೇ. ಅವರಲ್ಲೂ ಇದೆ. ಅವರ ಮಗಳಲ್ಲೂ ಇದೆ. ಆ ಹುಡುಗಿ ಹೊಟ್ಟೇಲಿರೋ ಮಗುಗೂ ಇರುತ್ತೆ.”

ನಾನು ಅತ್ತುಬಿಟ್ಟೆ, ಸಿಟ್ಟಿಗೆ. ಹಾಗಾದರೆ ನನ್ನ ಹಠದಿಂದ ಆದದ್ದಲ್ಲ, ಅಮ್ಮನ ಅಜಾಗರೂಕತೆಯಿಂದಲೂ ಅಲ್ಲ. ಈ ಒಂದು ಮಾತು ಕೇಳಲು ಅಮ್ಮ ಇರಬೇಕಿತ್ತು. ಇಷ್ಟು ವರ್ಷ ಎಲ್ಲಿ ಹೋಗಿದ್ದಿರಿ ನೀವೆಲ್ಲ ಎಂದು ಆಕೆಯ ಮೇಲೇ ಹರಿಹಾಯ್ದೆ. ಆಕೆ ಬೇಸರಿಸಲಿಲ್ಲ. “ಇದೇ ಜಗಳ ನಾನು ಮೇಲಿನವರ ಹತ್ರ ಆಡ್ತಾ ಇದ್ದೆ ಅಕ್ಕಾ” ಎಂದರು. “ಇಂಥ ಪರೀಕ್ಷೆ ಎಲ್ಲ ದುಡ್ಡಿರೋರ ಆಸ್ಪತ್ರೆಗೆ ಮೊದಲು ಹೋಗುತ್ತೆ. ಅಲ್ಲಿ ಮಕ್ಕಳಿಗೆ ದುಬಾರಿ ಔಷಧ ಕೊಡ್ತಾರೆ, ಅವರಿಗೆ ಈ ಗಂಡಾಂತರ ಕಡಿಮೆ. ಅಗ್ಗದ ಇಂಜೆಕ್ಷನ್ ಬೀಳೋದು ಇಲ್ಲಿ. ಅಂದ್ಮೇಲೆ ಪರೀಕ್ಷೆ ಮೊದಲು ಇಲ್ಲಿ ಬರಬೇಕು ತಾನೇ?”

ಜಗಳ ಗೆದ್ದು ಆಕೆ ತಂದ ಯಂತ್ರ ನನ್ನ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ಮಗುವಿನ ಕೆನ್ನೆ ಒರೆಸಿದ ಕಡ್ಡಿಯನ್ನು ಅದರೊಳಗೆ ಇಟ್ಟರೆ ಅರ್ಧ ಗಂಟೆಯೊಳಗೆ ಉತ್ತರ. ಸೋಂಕಿನ ಮಗು ಬಂದರೆ ಮೊದಲು ಕಡ್ಡಿ, ಆಮೇಲೆ ಇಂಜೆಕ್ಷನ್.

ಮೇಡಂ ನನ್ನ ಪರೀಕ್ಷೆಯ ಉತ್ತರ ಹೇಳಿದ ದಿನವೇ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವಳು ಬಾಗಿಲು ಹಾಕಿ ಬಂದು ನನ್ನ ಕೈ ಹಿಡಿದುಕೊಂಡಳು. “ಹೆರಿಗೆ ಆಗ್ಲಿ ಕಣೇ. ಈಗ ಬೀಗಿತ್ತಿಗೆ ಗೊತ್ತಾದ್ರೆ ನನ್ನ ಮಗಳನ್ನ ಬದುಕೋಕೆ ಬಿಡ್ತಾಳಾ? ಹುಡುಗಿಗೂ ಹೇಳ್ಬೇಡ, ನನ್ನಾಣೆ.” ಒಪ್ಪಬಾರದಿತ್ತು, ಆದರೆ ಮನೆಯವರು ಸುಳ್ಳು ಹೇಳಿದರೂ ಕೆನ್ನೆ ಹೇಳುವುದಿಲ್ಲವಲ್ಲ ಎಂದು ಧೈರ್ಯ ತಂದುಕೊಂಡೆ. ಹೆರಿಗೆಗೆ ಇನ್ನೂ ಬೇಕಾದಷ್ಟು ಸಮಯವಿತ್ತು.

ಮಗು ಸಮಯ ಕೇಳಲಿಲ್ಲ. ಒಂದು ಮಧ್ಯಾಹ್ನ, ತಿಂಗಳು ತುಂಬುವ ಮೊದಲೇ, ಮೈಯಲ್ಲಿ ಸೋಂಕು ಹೊತ್ತುಕೊಂಡು ಬಂತು. ಸುದ್ದಿ ಬಂದಾಗ ನಾನು ಕತ್ತರಿ ಕೆಳಗಿಟ್ಟು, ಇಸ್ತ್ರಿಯಾದ ಅಂಗಿಗಳ ಗಂಟನ್ನು ನೆಪಕ್ಕೆ ಎತ್ತಿಕೊಂಡು ಶಿಶು ವಾರ್ಡಿಗೆ ಓಡಿದೆ. ಬಾಗಿಲಿಗೆ ದಪ್ಪ ಗಾಜು. ಒಳಗೆ ಬೆಚ್ಚನೆಯ ಪೆಟ್ಟಿಗೆಯಲ್ಲಿ ನನ್ನ ಅಂಗೈಗಿಂತ ತುಸು ದೊಡ್ಡ ಜೀವ. ತಾಯಿ ಇನ್ನೂ ಆಪರೇಷನ್ ಕೋಣೆಯಲ್ಲಿದ್ದಳು. ಪೆಟ್ಟಿಗೆಯ ಪಕ್ಕ ಅಕ್ಕ, ಬೀಗಿತ್ತಿ, ಅಳಿಯ. ಜೀನ್ ಮೇಡಂ ಅಂದು ಬೇರೆ ಊರಿಗೆ ಹೋಗಿದ್ದರು.

ನರ್ಸ್ ಯಂತ್ರ ನೋಡಿ ಇಲ್ಲವೆಂದು ತಲೆಯಾಡಿಸಿದಳು. ಮಕ್ಕಳ ಡಾಕ್ಟರ್ ಈ ಕಡೆಗೇ ಮುಖ ಮಾಡಿದ್ದರಿಂದ ಅವರ ಮಾತು ನನಗೆ ಸಿಕ್ಕಿತು. “ಪರೀಕ್ಷೆ ಸರಿಯಾಗಿ ಬಂದಿಲ್ಲ. ಮತ್ತೆ ಮಾಡೋವರೆಗೆ ಔಷಧ ನಿಲ್ಸೋಕಾಗಲ್ಲ, ಮಗು ತಡೆಯಲ್ಲ. ನಿಮ್ಮನೇಲಿ ಯಾರಿಗಾದ್ರೂ ಇಂಜೆಕ್ಷನ್ ಆದ್ಮೇಲೆ ಕಿವಿ ಹೋಗಿದ್ಯಾ?”

ಬೀಗಿತ್ತಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು, ಓರೆಯಿಂದ ಅವರ ತುಟಿಯೂ ನನಗೆ ಕಂಡಿತು. “ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಡಾಕ್ಟ್ರೇ. ಏಳು ತಲೆಮಾರಿಂದ ಇಲ್ಲ.”

ಪಾಪ, ಅದು ಸುಳ್ಳೇನಲ್ಲ. ಮಗು ಎಂದರೆ ಗಂಡಿನ ಮನೆಯದು, ವಂಶ ಎಂದರೆ ಅಪ್ಪ, ಅವನಪ್ಪ, ಅವನ ಅಪ್ಪ. ಅವರು ಹಾಗೆಯೇ ಎಣಿಸಿದರು, ಊರೆಲ್ಲ ಹಾಗೆಯೇ ಎಣಿಸುತ್ತದೆ. ಏಳು ತಲೆಮಾರು ಎಣಿಸುವಾಗ ಹೆತ್ತವಳ ಕಡೆ ತಿರುಗಿ ನೋಡಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಡಾಕ್ಟರ್ ಅಕ್ಕನನ್ನು ನೋಡಿದರು. ಅಕ್ಕ ತಲೆ ತಗ್ಗಿಸಿದಳು. ನರ್ಸ್ ಸಿರಿಂಜ್ ಕೈಗೆತ್ತಿಕೊಂಡಳು.

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರವನ್ನು ನಾನು ಜೀವಮಾನವಿಡೀ ಮೈಮೇಲೆ ಹೇರಿಕೊಂಡಿದ್ದೇನೆ. ಅದನ್ನು ಆ ಕೂಸಿನ ಕೊರಳಿಗೆ ಕಟ್ಟಲು ಬಿಡುವವಳಲ್ಲ ನಾನು. ಭುಜದಿಂದ ಬಾಗಿಲು ನೂಕಿದೆ, ಅಂಗಿಗಳೆಲ್ಲ ನೆಲದ ಮೇಲೆ ಚೆಲ್ಲಿದವು.

“ಚುಚ್ಚಬೇಡಿ! ಈ ಮಗು ಮನೇಲಿ ಇದೆ! ನಾನೇ ಇದ್ದೀನಲ್ಲ, ನೋಡಿ! ಇದರ ಅಜ್ಜಿ ತಂಗಿ ನಾನು, ಇಂಜೆಕ್ಷನ್ ಬಿದ್ದೇ ನನ್ನ ಕಿವಿ ಹೋಗಿದ್ದು. ನಮ್ಮ ಸೋದರಮಾವನಿಗೂ ಕೇಳಿಸಲ್ಲ. ಬೇರೆ ಔಷಧ ಕೊಡಿ!”

ನನ್ನ ದನಿ ಕೆಳಗಿನ ಔಷಧದ ಕಿಟಕಿಯವರೆಗೂ ಕೇಳಿಸಿತೆಂದು ಆಮೇಲೆ ಹೇಳಿದರು. ನರ್ಸ್ ಕೈ ಗಾಳಿಯಲ್ಲೇ ನಿಂತಿತು. ಬೀಗಿತ್ತಿಯ ಬಾಯಿ ತೆರೆದುಕೊಂಡಿತು. “ಇವರು ಮೆಟ್ಟಿಲಿಂದ ಬಿದ್ದಿದ್ದಲ್ವಾ?”

ಎಲ್ಲರೂ ಅಕ್ಕನ ಕಡೆ ತಿರುಗಿದರು. ಅವಳು ನನ್ನನ್ನು ನೋಡಿದಳು, ಪೆಟ್ಟಿಗೆಯಲ್ಲಿದ್ದ ಮೊಮ್ಮಗಳನ್ನು ನೋಡಿದಳು. “ಮೆಟ್ಟಿಲೂ ಇಲ್ಲ, ಬಿದ್ದಿದ್ದೂ ಇಲ್ಲ” ಎಂದಳು. “ಮದುವೆಗೋಸ್ಕರ ಸುಳ್ಳು ಹೇಳಿದ್ದೆ. ನಮ್ಮಮ್ಮನ ಕಡೆ ಇದೆ ಡಾಕ್ಟ್ರೇ. ನನ್ನ ತಂಗಿ ಹೇಳಿದ್ದೇ ನಿಜ.” ನನ್ನ ಅಕ್ಕನ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕೆ ಮೊದಲು ಯಾವತ್ತೂ ಆಗಿರಲಿಲ್ಲ.

ಡಾಕ್ಟರ್ ಒಂದು ಮಾತೂ ವ್ಯರ್ಥ ಮಾಡಲಿಲ್ಲ. ಆ ಸಿರಿಂಜ್ ಟ್ರೇಗೆ ಹೋಯಿತು, ಬೀರುವಿನಿಂದ ಬೇರೆ ಔಷಧ ಬಂತು. ನರ್ಸ್ ಹೊಸ ಕಡ್ಡಿಯಿಂದ ಮಗುವಿನ ಕೆನ್ನೆಯನ್ನು ಮತ್ತೊಮ್ಮೆ ಒರೆಸಿದಳು. ಉತ್ತರ ಬರುವಷ್ಟರಲ್ಲಿ ಹೊಸ ಔಷಧ ಮಗುವಿನ ಮೈ ಸೇರಿ ಆಗಿತ್ತು. ಡಾಕ್ಟರ್ ಯಂತ್ರದ ಪರದೆಯನ್ನು ನನ್ನ ಕಡೆ ತಿರುಗಿಸಿ, ತುಟಿ ಬಿಡಿಸಿ ಹೇಳಿದರು. “ಇದೆ. ನೀವು ಬರದೇ ಇದ್ದಿದ್ರೆ, ನಾನೇ ಈ ಮಗು ಕಿವಿ ತೆಗೀತಿದ್ದೆ.”

ಬೀಗಿತ್ತಿ ಮುಖ ಊದಿಸಿಕೊಂಡು ಮನೆಗೆ ಹೋದರು. ಈಗ ಹುಡುಗಿಯ ಬಾಳು ಮುಗಿಯಿತು ಎಂದು ಅಕ್ಕ ನನ್ನ ಹೆಗಲ ಮೇಲೆ ಅತ್ತಳು. ಮರುದಿನ ಬೀಗಿತ್ತಿ ನೆಲಮಾಳಿಗೆಯ ಬಾಗಿಲಲ್ಲಿ ನಿಂತಿದ್ದರು. ಬೈಗುಳಕ್ಕೆ ಸಿದ್ಧಳಾಗಿ ನಾನೂ ಎದ್ದು ನಿಂತೆ. ಅವರು ಒಳಗೆ ಬಂದು, ಬೆಳಕಿಗೆ ಮುಖ ಕೊಟ್ಟು, ಬಾಯಿ ಅಗಲಿಸಿ ಕೇಳಿದರು. “ಊಟ ಆಯ್ತಾ?” ಆ ಹೆಂಗಸಿನ ಬಾಯಲ್ಲಿ ಕ್ಷಮೆಯೆಂಬುದು ಅಷ್ಟೇ ಉದ್ದ ಬರುವುದು ಎಂದು ನನಗೆ ಅರ್ಥವಾಯಿತು. ಆಗಿದೆ ಎಂದೆ, ಆಗಿರಲಿಲ್ಲ. ಇಬ್ಬರೂ ಕೂತು ಊಟ ಮಾಡಿದೆವು.

ಮುಂದಿನ ವಾರ ಜೀನ್ ಮೇಡಂ ತಾಯಿ ಕಡೆಯ ಎಲ್ಲರನ್ನೂ ಕರೆಸಿದರು. ಲ್ಯಾಬ್ ಎದುರು ನಮ್ಮವರ ಸಾಲು ಮೆಟ್ಟಿಲಿನವರೆಗೂ ಬೆಳೆಯಿತು. ದೊಡ್ಡಮ್ಮನ ಹೆಣ್ಣುಮಕ್ಕಳು, ಅವರ ಮಕ್ಕಳು, ಇಸ್ತ್ರಿ ಅಂಗಿ ತೊಟ್ಟ ಸೋದರಮಾವ. ನಿಮ್ಮಿಂದ ನಿಮ್ಮ ಮಕ್ಕಳಿಗೆ ಬರುವುದಿಲ್ಲ ಎಂದು ಕೈಸನ್ನೆಯಲ್ಲಿ ತಿಳಿಸಿದಾಗ ಮಾವ ಎರಡೂ ಕೈ ಮೇಲೆತ್ತಿ ಕುಣಿದುಬಿಟ್ಟರು. ಸಾಲಿನ ಕೊನೆಯಲ್ಲಿ ಬೀಗಿತ್ತಿ ನಿಂತಿದ್ದರು.

“ನಿಮ್ಮದು ಬೇಕಾಗಿಲ್ಲ ಅಮ್ಮ” ಎಂದರು ಜೀನ್ ಮೇಡಂ. “ನೀವು ಅಪ್ಪನ ಕಡೆ. ಇದರಲ್ಲಿ ನಿಮ್ಮ ವಂಶ ಲೆಕ್ಕಕ್ಕೇ ಬರಲ್ಲ.”

“ಯಾಕೆ ಬರಲ್ಲ? ನಾವೇನು ಕಮ್ಮೀನಾ?” ಎಂದು ಬೀಗಿತ್ತಿ ಕೆರಳಿದರು. ಸಾಲೆಲ್ಲ ಬಿದ್ದುಬಿದ್ದು ನಕ್ಕಿತು. ಕೊನೆಗೆ ಅವರ ಸಮಾಧಾನಕ್ಕೆ ಅವರ ಕೆನ್ನೆಯನ್ನೂ ಒರೆಸಿದ್ದಾಯಿತು.

ಆ ಡಬ್ಬಿ ಯಂತ್ರ ಈಗ ಪಟ್ಟಣದ ಎಲ್ಲ ಸರ್ಕಾರಿ ಹೆರಿಗೆ ವಾರ್ಡುಗಳಲ್ಲೂ ಇದೆ. ಅದು ಕೈಕೊಟ್ಟರೆ ಕೇಳುವ ಪ್ರಶ್ನೆಯನ್ನೂ ಬದಲಿಸಿದ್ದಾರೆ: ತಾಯಿಯ ತಾಯಿ ಕಡೆ ಯಾರಿಗಾದರೂ ಕಿವಿ ಹೋಗಿದೆಯೇ? ವ್ಯತ್ಯಾಸವಿರುವ ಮಕ್ಕಳಿಗೆ ಹಳದಿ ತೋಳುಪಟ್ಟಿಯ ಅಂಗಿ. ದೂರದಿಂದಲೇ ಕಂಡರೆ ಯಾರೂ ಮರೆತು ಆ ಇಂಜೆಕ್ಷನ್ ಚುಚ್ಚುವುದಿಲ್ಲ. ಹೊಲಿಯುವವಳು ನಾನೇ.

ಮೊಮ್ಮಗಳ ಕಿವಿ ಸರಿಯಿದೆ ಎಂದು ಕಿವಿ ಪರೀಕ್ಷಿಸುವ ಯಂತ್ರ ಹೇಳಿತು, ಡಾಕ್ಟರ್ ಹೇಳಿದರು. ನಾನು ಮಾತ್ರ ನಂಬಲಿಲ್ಲ. ಕಣ್ಣಾರೆ ಕಂಡದ್ದನ್ನಷ್ಟೇ ನಂಬಿ ಬದುಕಿದವಳು ನಾನು. ಕತ್ತು ನಿಂತ ಮೇಲೆ ಒಂದು ದಿನ ಅಕ್ಕ ಅವಳನ್ನು ನೆಲಮಾಳಿಗೆಗೆ ಎತ್ತಿಕೊಂಡು ಬಂದಳು. ಮಗು ಅಜ್ಜಿಯ ಹೆಗಲ ಮೇಲೆ ಆ ಕಡೆ ಮುಖ ಮಾಡಿ ಗೋಡೆ ನೋಡುತ್ತಿತ್ತು. ನಾನು ಸದ್ದಿಲ್ಲದೆ ಎದುರು ಗೋಡೆಯ ಬಳಿ ಹೋಗಿ, ಅವಳ ಮುಖ ಕಾಣುವಂತೆ ಓರೆಯಾಗಿ ನಿಂತು, ಕೈಯನ್ನು ಮರೆಯಲ್ಲಿಟ್ಟು ದೊಡ್ಡ ಕತ್ತರಿಯನ್ನು ನೆಲಕ್ಕೆ ಬಿಟ್ಟೆ.

ನನ್ನ ಅಂಗಾಲಿಗೆ ಅದು ಒಂದು ಸಣ್ಣ ನಡುಕ. ಮಗು ಬೆಚ್ಚಿತು. ಕಣ್ಣು ಅರಳಿತು, ಎರಡೂ ಕೈ ಗಾಳಿಗೆ ಹಾರಿದವು, ತುಟಿ ಸೊಟ್ಟಗಾಯಿತು, ಆಮೇಲೆ ಮುಖವೆಲ್ಲ ಬಾಯಿಯಾಗಿ ಅಳು ಒಡೆಯಿತು. ಇಷ್ಟು ವರ್ಷಗಳ ಮೇಲೆ ನಾನು ಒಂದು ಸದ್ದನ್ನು ನೋಡಿದೆ.

“ಮಗು ಹೆದರಿಹೋಯ್ತಲ್ಲೇ, ಬುದ್ಧಿ ಇದ್ಯಾ ನಿಂಗೆ!” ಎಂದು ಅಕ್ಕ ಬೈದಳು. ನಾನು ಅಳುತ್ತ ನಗುತ್ತ ಬಗ್ಗಿ ಕತ್ತರಿ ಎತ್ತಿಕೊಂಡೆ.

“ಅಕ್ಕಾ,” ಎಂದೆ, “ಇನ್ನೊಂದ್ಸಲ ಬೀಳಿಸ್ಲಾ?”