ಮಳೆಗೆ ಮುಂಚೆ ಹೊಡೆದು ಮರೆಯುವ ಮದ್ದಲ್ಲ ಇದು

ಕಾಫಿ ಗಿಡದ ಕೊಳೆ ರೋಗಕ್ಕೆ ಏನು ಮಾಡಬೇಕೆಂದು ಮಾರನಹಳ್ಳಿಯ ಏಕಾಂತಯ್ಯನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಳೆಗೆ ಮುಂಚೆ ಒಂದು ಸಲ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಯಬೇಕು, ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ. ನಡುವೆ ಎಲೆ ಹಸಿರಾಗಿದ್ದರೆ ಮದ್ದಿನ ಡ್ರಮ್ಮು ಕೊಟ್ಟಿಗೆಯಲ್ಲಿ ಬೋರಲು. ತಮ್ಮ ರಕ್ತದ ಕ್ಯಾನ್ಸರಿಗೂ ಪುಣ್ಯಾತ್ಮ ಅದೇ ಲೆಕ್ಕ ಹಾಕಿಬಿಟ್ಟರು!

ಕ್ಯಾನ್ಸರಿಗೆ ಡಾಕ್ಟರು ಕೊಟ್ಟದ್ದು ದಿನಾ ಊಟವಾದ ಮೇಲೆ ನುಂಗುವ ಮಾತ್ರೆ. ವರ್ಷದೊಳಗೆ ರಕ್ತಪರೀಕ್ಷೆ ಚೆನ್ನಾಗಿ ಬಂತು, ಮೈ ತುಂಬಿಕೊಂಡಿತು. ಏಕಾಂತಯ್ಯ ಮಾತ್ರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದರು.

"ಡಾಕ್ಟ್ರು ಬಿಡ್ಬ್ಯಾಡಿ ಅಂದವ್ರೆ ಕಣ್ರೀ," ಹೆಂಡತಿ ನಂಜಮ್ಮ ಅಂಗಲಾಚಿದರು.

"ರೋಗ ಎಲ್ಲೈತೆ ತೋರ್ಸು? ನುಂಗಿದ್ರೆ ವಾಂತಿ ಬಂದಂಗಾಯ್ತದೆ. ತಿರ್ಗಾ ಬಂದ್ರೆ ತಿರ್ಗಾ ನುಂಗಾನ, ಬುಡು."

ತಿರುಗಾ ಬಂತು. ಜ್ವರ, ಸುಸ್ತು, ಹೊಟ್ಟೆಯ ಎಡಗಡೆ ಕಲ್ಲಿನಂಥ ಊತ. ಮತ್ತೆ ಅದೇ ಮಾತ್ರೆ ನುಂಗಿದರು. ಏನೂ ಇಳಿಯಲಿಲ್ಲ. ಗಂಡ ಹೆಂಡತಿ ಹೆದರಿ ಹಾಸನದ ಆಸ್ಪತ್ರೆಗೆ ಓಡಿದರು.

ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡರು. "ನೋಡಿ ಏಕಾಂತಯ್ಯನೋರೇ, ಕ್ಯಾನ್ಸರ್ ಕಣದೊಳಗೆ ಒಂದು ಪ್ರೋಟೀನು ಕೂತು 'ಬೆಳಿ, ಬೆಳಿ' ಅಂತ ಹುಕುಂ ಕೊಡ್ತಾನೇ ಇರುತ್ತೆ. ಈ ಮಾತ್ರೆ ಆ ಪ್ರೋಟೀನಿನ ಸಂದಿಯೊಳಗೆ ಹೋಗಿ ಕೂತು ಅದರ ಬಾಯಿ ಮುಚ್ಚಿಸುತ್ತೆ. ನೀವು ಮಾತ್ರೆ ಬಿಟ್ಟಾಗ ಅಳಿದುಳಿದ ಕಣಗಳು ಹೆಚ್ಚಿಕೊಂಡವು. ಅದರಲ್ಲಿ ಕೆಲವಕ್ಕೆ ಆ ಸಂದಿಯ ಆಕಾರಾನೇ ಬದಲಾಗಿದೆ. ಈಗ ಮಾತ್ರೆ ಅಲ್ಲಿ ಕೂರೋದಿಲ್ಲ."

"ಎರಡೆರಡು ನುಂಗಿದ್ರೆ?"

"ಕೂರೋ ಜಾಗಾನೇ ಇಲ್ಲ ಅಂದ್ಮೇಲೆ? ಬೇರೆ ಮಾತ್ರೆ ಕೊಡ್ತೀನಿ. ಆದ್ರೆ ಹಿಡಿಯುತ್ತೆ ಅಂತ ಮಾತು ಕೊಡೋಕಾಗಲ್ಲ."

ತಪ್ಪು ಯಾರ ಮೇಲೆ ಹೊರಿಸುವುದು? ವಾಪಸು ಬರುವಾಗ ಬಸ್ಸಿನಲ್ಲಿ ಏಕಾಂತಯ್ಯನವರಿಗೆ ನಂಜಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

ಹೊಸ ಮಾತ್ರೆಯೂ ಹಿಡಿಯಲಿಲ್ಲ. ಹಾಸಿಗೆ ಹಿಡಿದವರನ್ನು ನೋಡಲು ಕುಂದೂರಿನಿಂದ ಚೆಲುವಮ್ಮ ಬಂದರು, ಜೊತೆಗೆ ಗಂಡ ಜವರಯ್ಯ. ಆಕೆಗೂ ಅದೇ ಕಾಯಿಲೆ, ಏಕಾಂತಯ್ಯ ಮೊದಲು ನುಂಗುತ್ತಿದ್ದ ಅದೇ ಮಾತ್ರೆ. ಆಸ್ಪತ್ರೆ ಬೆಂಚಿನಲ್ಲಿ ಆದ ಪರಿಚಯ.

"ಮಾತ್ರೆ ನುಂಗಿದ್ರೆ ಕಾಲು ಹಿಡ್ಕತದೆ ಕಣಣ್ಣ. ಈಗ ನಾನು ಚೆನ್ನಾಗೇ ಇವ್ನಿ, ಬಿಟ್ಬುಡಾನ ಅಂತಿವ್ನಿ," ಅಂದರು ಚೆಲುವಮ್ಮ.

"ದಿನಾ ಯಾಕೆ ಅಂತ ನಾನೂ ಅಂದೆ," ಎಂದರು ಜವರಯ್ಯ.

ಏಕಾಂತಯ್ಯ ಜವರಯ್ಯನ ಕೈ ಹಿಡಿದು ತಮ್ಮ ಹೊಟ್ಟೆಯ ಊತದ ಮೇಲಿಟ್ಟರು. "ರೋಗ ಎಲ್ಲೈತೆ ಅಂತಿದ್ದೆ ಮಾರಾಯ. ಇಲ್ಲೈತೆ ನೋಡು." ಉಸಿರು ಸಾಲದೆ ನಿಲ್ಲಿಸಿದರು. "ತಂಗೀ, ಕಾಲು ನೋವನ್ನ ಡಾಕ್ಟ್ರಿಗೆ ಹೇಳು. ನೀನಾಗೇ ಬಿಡ್ಬ್ಯಾಡ."

ನಂಜಮ್ಮ ಒಳಗಿನಿಂದ ಅನ್ನ ಬಡಿಸಿ ತಂದರು. ಚೆಲುವಮ್ಮ ಉಂಡು, ಸೆರಗಿನ ಗಂಟು ಬಿಚ್ಚಿ, ಅವರೆದುರೇ ಮಾತ್ರೆ ನುಂಗಿದರು.

ಆ ವರ್ಷ ಮಳೆ ಬಿಡುವು ಕೊಡುವಷ್ಟರಲ್ಲಿ ಏಕಾಂತಯ್ಯ ಇರಲಿಲ್ಲ. ಅವರ ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಸಿದ್ದು ನಂಜಮ್ಮ ಒಬ್ಬರೇ.

ಅಕ್ಕ ಅಣ್ಣಂದಿರೇ, ಸರಿಯಾಗಿ ನುಂಗಿದರೂ ಕೆಲವರಿಗೆ ಮಾತ್ರೆ ಹಿಡಿಯದೆ ಹೋಗುತ್ತದೆ. ಅದು ಅವರ ತಪ್ಪಲ್ಲ. ಅದಕ್ಕೇ ರಕ್ತಪರೀಕ್ಷೆ ತಪ್ಪಿಸಬೇಡಿ. ಡಾಕ್ಟರನ್ನು ಕೇಳದೆ ನೀವಾಗೇ ಮಾತ್ರೆ ಬಿಡಬೇಡಿ. ನಿಮ್ಮ ಮನೆಯಲ್ಲಿ ಇಂಥ ಮಾತ್ರೆ ನುಂಗುವವರಿದ್ದರೆ ಈಗಲೇ ಎದ್ದು ಹೋಗಿ ಕೇಳಿ: ಇವತ್ತಿನದು ನುಂಗಿದಿರಾ?