ಆಟ ಆಡಿಸುವ ಆಪಾ

ಶಾಹೀನ ಇನ್ನೊಂದು ಕೊಡ ಬಿಸಿನೀರು ತಂದು ಪರದೆಯೊಳಗೆ ಇಟ್ಟಾಗ ಖಾಸೀಂಬಿ ಶವದ ಬಲಗೈ ತೊಳೆಯುತ್ತಿದ್ದಳು. ಕರಜಗಿಯ ಮುಸ್ಲಿಂ ಮನೆಗಳಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆಯಲು ಆಕೆಯನ್ನೇ ಕರೆಯುತ್ತಿದ್ದರು.

“ಸ್ವಂತದವರು ಯಾರೂ ಇಲ್ಲೇನ?”

“ತಮ್ಮ ಒಬ್ಬರು ಅದಾರ್ರಿ, ಖಜೂರಿದಾಗ. ಫೋನ್ ಮಾಡೇವಿ. ಬರ್ತಾರೋ ಇಲ್ಲೋ,” ಎಂದಳು ಶಾಹೀನ.

“ನೀ ಏನಾಗಬೇಕು ಈಕಿಗಿ?”

“ಏನೂ ಆಗಬೇಕಿಲ್ರಿ. ಆಪಾನ ಅಂಗನವಾಡಿದಾಗ ಆಡಿ ಬೆಳದಾಕಿ.”

ಖಾಸೀಂಬಿ ಅವಳನ್ನು ಒಮ್ಮೆ ನೋಡಿ ತಂಬಿಗೆ ಕೈಗೆ ಕೊಟ್ಟಳು. “ಹಂಗಾರ ನೀನೇ ಹಾಕು. ನಿಧಾನಕ್ಕ.”

ಊರ ಮಕ್ಕಳೆಲ್ಲ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಹಮೀದಾಬೇಗಂ ಮದುವೆಯಾಗಿರಲಿಲ್ಲ. ಕೂದಲು ಬೆಳ್ಳಗಾಗುವ ತನಕ ಅಂಗನವಾಡಿ ಟೀಚರಾಗಿದ್ದು, ಹೋದ ವರ್ಷವಷ್ಟೇ ನಿವೃತ್ತಳಾಗಿದ್ದಳು. ನಿನ್ನೆ ಪಕ್ಕದ ಮನೆಯ ಸುಂದರಬಾಯಿ ಬಾಗಿಲಲ್ಲಿ ನಿಂತು ಕರೆದಾಗ ಒಳಗಿನಿಂದ ಉತ್ತರ ಬಂದಿರಲಿಲ್ಲ.

*

ಅಂಗನವಾಡಿಗೆ ಸೇರಿದ ಹೊಸತರಲ್ಲಿ ಶಾಹೀನ ಹತ್ತಿರ ಬಂದವರನ್ನೆಲ್ಲ ಕಚ್ಚುತ್ತಿದ್ದಳು. ಆಪಾ ಅಂಗಳದಲ್ಲಿ ಉದ್ದಕ್ಕೆ ಹಗ್ಗ ಹಾಸಿ, ಇಬ್ಬಿಬ್ಬರು ಮಕ್ಕಳನ್ನು ಕೈ ಹಿಡಿಸಿ ಅದರ ಮೇಲೆ ನಡೆಸುತ್ತಿದ್ದಳು. ಒಬ್ಬರು ವಾಲಿದರೆ ಇನ್ನೊಬ್ಬರು ತಡೆಯಬೇಕು. ಶಾಹೀನಳ ಕೈ ಹಿಡಿಯಲು ಯಾವ ಮಗುವೂ ಒಪ್ಪಲಿಲ್ಲ. ಆಪಾ ಚಪ್ಪಲಿ ಬಿಟ್ಟು, ಸೀರೆಯ ಅಂಚು ಎತ್ತಿ ಸಿಕ್ಕಿಸಿಕೊಂಡು ತಾನೇ ಹಗ್ಗದ ಮೇಲೆ ಬಂದು ನಿಂತಳು.

“ನಾ ಬೀಳಾಕತ್ತೇನಿ, ಶಾಹೀನ. ಹಿಡಕೋ.”

ಹುಡುಗಿ ಹಿಡಿದುಕೊಂಡಳು. ಹಗ್ಗದ ಕೊನೆ ಮುಟ್ಟಿದ ಖುಷಿಗೆ ಇಬ್ಬರೂ ಒಂಟಿಗಾಲಲ್ಲಿ ಜಿಗಿಯುತ್ತ ಮರಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ರಸ್ತೆಯಲ್ಲಿ ನಿಂತಿದ್ದ ಬಸ್ಸಿನೊಳಗಿನವರು ನಕ್ಕರು. ಆ ಬಸ್ಸಿನಲ್ಲಿ ಆಪಾನ ತಮ್ಮ ಶರಫುದ್ದೀನ ಹೊಸ ಬೀಗರ ಜೊತೆ ಕುಳಿತಿದ್ದ.

“ಈ ಕುಣಿದಾಟ ಬಿಡು,” ಎಂದ ಅಂದು ಸಂಜೆ. “ಇಲ್ಲಾಂದ್ರ ನಾ ಈ ಮನಿಗಿ ಬರೂದಿಲ್ಲ.”

“ಮತ್ತ ಮಕ್ಕಳಿಗಿ ಯಾರ ಕಲಸ್ತಾರ?”

ಅವನು ಆಮೇಲೆ ಬರಲೇ ಇಲ್ಲ.

*

ಇಂದು ಬಂದ. ಕಫನ್ ಸರಿಸಿ ಅಕ್ಕನ ಮುಖ ನೋಡಿದ, ಜನಾಜಾಕ್ಕೆ ಹೆಗಲು ಕೊಟ್ಟ, ಮಣ್ಣು ಹಾಕಿದ. ಖಬರಸ್ತಾನದಿಂದ ಮರಳುವಾಗ ಜನ ತಮ್ಮ ತಮ್ಮ ಓಣಿ ಬಂದಂತೆ ತಿರುಗಿಕೊಂಡರು. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅವನೊಬ್ಬನೇ ಉಳಿದಿದ್ದ.

ಸುಂದರಬಾಯಿ ಚಹಾ ತಂದಳು.

“ನನ್ನ ಬಗ್ಗೆ ಏನರ ಅಂತಿದ್ಲೇನ, ಅಕ್ಕಾ?”

“ಇಲ್ಲ ತಮ್ಮಾ. ಯಾರ ಬಗ್ಗೆನೂ ಅಂತಿರಲಿಲ್ಲ.”

“ಸಂಜಿಕ ಏನ್ ಮಾಡ್ತಿದ್ಲು? ಒಬ್ಬಾಕೀನೇ?”

“ಚೆಂಡ ಒಗೀತಿದ್ಲು, ಗ್ವಾಡಿಗಿ. ಸಣ್ಣ ಕೈಗೋಳಿಗಿ ಹಿಡಿಯಾಕ ಬರುವಂಗ ಮೆತ್ತಗ ಒಗೀಬೇಕಂತ. ಅದನ್ನ ರೂಢಿ ಮಾಡಾಕಿ. ರಿಟೈರ್ ಆದ ಮ್ಯಾಲೂ ಬಿಡಲಿಲ್ಲ. ಈಚಿ ಕಡಿ ನಮ್ಮ ಮನ್ಯಾಗ ಕೇಳ್ತಿತ್ತು.” ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. “ಹೋಗಿ ಎದುರಿಗಿ ನಿಂದ್ರಬೇಕು ಅನಸ್ತಿತ್ತು. ಒಲಿ ಮುಂದ ಕುಂತಿರ್ತಿದ್ದೆ. ಹಂಗ ಉಳೀತು.”

ಅವಳು ಹೋದ ಮೇಲೆ ಶರಫುದ್ದೀನ ನಡುಗೋಡೆಯ ಬಳಿ ಬಂದ. ಸುಣ್ಣದ ಮೇಲೆ ಚೆಂಡು ತಾಗಿ ತಾಗಿ ಕಪ್ಪಾದ ಕಲೆಯಿತ್ತು. ತೀರ ಕೆಳಗೆ, ಪುಟ್ಟ ಮಗು ನಿಂತರೆ ಎದೆ ಬರುವಷ್ಟು ಎತ್ತರದಲ್ಲಿ. ಅದರ ಮೇಲೆ ಅಂಗೈ ಇಡಲು ಅವನು ಮೊಣಕಾಲೂರಬೇಕಾಯಿತು.